ಗುಟ್ಟು ಸೋರುವ ಹೆಸರಿನ ಬಾಗಿಲು

ಇಂದಿನ ಬಸವಕಲ್ಯಾಣ ಚಾಲುಕ್ಯರ ರಾಜಧಾನಿಯಾಗಿದ್ದ ಕಾಲ. ಆರನೆಯ ವಿಕ್ರಮಾದಿತ್ಯನ (1076–1126) ಆಳ್ವಿಕೆಯಲ್ಲಿ ವಿಜ್ಞಾನೇಶ್ವರನು ಇಲ್ಲಿ ಯಾಜ್ಞವಲ್ಕ್ಯ ಸ್ಮೃತಿಗೆ ‘ಮಿತಾಕ್ಷರಾ’ ಎಂಬ ವ್ಯಾಖ್ಯಾನ ಬರೆದ. ಆಸ್ತಿ ಹಂಚಿಕೆಯ ವ್ಯಾಜ್ಯಗಳಲ್ಲಿ ಈ ಗ್ರಂಥದ ಹೆಸರು ಕೇಳಿಬರುವುದು ಹಲವರಿಗೆ ಗೊತ್ತು. ಆದರೆ ಆ ಸ್ಮೃತಿಯಲ್ಲಿ ರಾಜಧರ್ಮದ ಮಾತೂ ಇದೆ. ರಾಜ್ಯದ ಬೇರು ಮಂತ್ರಾಲೋಚನೆಯಲ್ಲಿದೆ, ಕಾರ್ಯ ಫಲಿಸುವವರೆಗೆ ಅದು ಹೊರಗಿನವರಿಗೆ ತಿಳಿಯಬಾರದು ಎಂಬುದು ಅಲ್ಲಿನ ಸೂಚನೆ.

ಅಂದು ಗುಟ್ಟು ಅರಸನ ಚಿಂತೆಯಾಗಿತ್ತು. ಇಂದು ಅದು ಎಲ್ಲರ ಚಿಂತೆ. ತನ್ನ ಕಾಯಿಲೆಯ ಬಗ್ಗೆ, ಸಾಲದ ಬಗ್ಗೆ ಅಂತರ್ಜಾಲದಲ್ಲಿ ಹುಡುಕುವವನು ಅದು ಪರರಿಗೆ ತಿಳಿಯದಿರಲಿ ಎಂದು ಬಯಸುವುದು ಸಹಜ. ಅದಕ್ಕಾಗಿ ಕೆಲವರು ವಿಪಿಎನ್ ಎಂಬ ಮರೆಮಾರ್ಗವನ್ನು ಬಳಸುತ್ತಾರೆ. ಮಾಹಿತಿಯೆಲ್ಲ ಗೂಢಲಿಪಿಯಾಗಿ ಒಂದು ಸುರಂಗದೊಳಗೆ ಹೋಗುತ್ತದೆ. ಆದರೂ ಗುಟ್ಟು ಸೋರುವುದುಂಟು. ಹೇಗೆ?

ಅಂತರ್ಜಾಲದ ಗಣಕಯಂತ್ರಗಳಿಗೆ ಗೊತ್ತಿರುವುದು ಸಂಖ್ಯೆ. ನಮಗೆ ನೆನಪಿರುವುದು ಹೆಸರು. 1970ರ ದಶಕದಲ್ಲಿ ಹೆಸರು–ಸಂಖ್ಯೆಗಳ ಪಟ್ಟಿ ಒಂದೇ ಕಡತದಲ್ಲಿ ಇತ್ತು. ಅಮೆರಿಕದ ಸ್ಟ್ಯಾನ್‌ಫರ್ಡ್ ಸಂಶೋಧನಾ ಸಂಸ್ಥೆಯಲ್ಲಿ ಎಲಿಜಬೆತ್ ಫೈನ್ಲರ್ ಅವರ ತಂಡ ಅದನ್ನು ನೋಡಿಕೊಳ್ಳುತ್ತಿತ್ತು. ಯಂತ್ರಗಳು ಹೆಚ್ಚಿದಂತೆ ಆ ಪಟ್ಟಿ ಸಾಲದಾಯಿತು. 1983ರಲ್ಲಿ ಪಾಲ್ ಮೊಕಪೆಟ್ರಿಸ್ ರೂಪಿಸಿದ ಡಿಎನ್‌ಎಸ್ ವ್ಯವಸ್ಥೆ ಆ ಕೆಲಸವನ್ನು ಲೋಕದ ಹಲವು ಯಂತ್ರಗಳಿಗೆ ಹಂಚಿತು. ಅಂದಿನ ಜಾಲ ಬಹುಮಟ್ಟಿಗೆ ವಿಶ್ವವಿದ್ಯಾಲಯಗಳ, ಸಂಶೋಧನಾಲಯಗಳ ಸಣ್ಣ ಬಳಗ. ಹೆಸರು ಕೇಳುವವನ ಗುಟ್ಟು ಕಾಯುವ ಏರ್ಪಾಡು ಆ ರಚನೆಯಲ್ಲಿರಲಿಲ್ಲ. ಪ್ರಶ್ನೆ ತೆರೆದ ಅಂಚೆಕಾರ್ಡಿನಂತೆ ಹೋಗುತ್ತಿತ್ತು.

ಸೋರಿಕೆಯ ಮೂಲ ಇಲ್ಲಿದೆ. ಹುಮನಾಬಾದಿನಿಂದ ಮುಚ್ಚಿದ ಜೀಪಿನಲ್ಲಿ ಗುಟ್ಟಾಗಿ ಹೊರಟವನೊಬ್ಬ ಸಸ್ತಾಪುರ ಬಂಗ್ಲಾದಲ್ಲಿ ಇಳಿದು, ಚಹದಂಗಡಿಯ ಮುಂದೆ ‘ಇಂಥ ವೈದ್ಯರ ಮನೆ ಎಲ್ಲಿ?’ ಎಂದು ಗಟ್ಟಿಯಾಗಿ ಕೇಳಿದರೆ ಜೀಪಿನ ಪರದೆಯಿಂದ ಏನು ಪ್ರಯೋಜನ? ಪಯಣ ಸುರಂಗದೊಳಗೆ, ವಿಳಾಸದ ವಿಚಾರಣೆ ಮಾತ್ರ ಹೊರಗೆ! ಅಂತರ್ಜಾಲ ಸಂಪರ್ಕ ಕೊಟ್ಟ ಕಂಪನಿಗೆ ನಾವು ಎಲ್ಲಿಗೆ ಹೊರಟೆವೆಂದು ತಿಳಿದುಹೋಗುತ್ತದೆ.

1991ರಲ್ಲಿ ಲಿನಸ್ ಟೋರ್ವಾಲ್ಡ್ಸ್ ಆರಂಭಿಸಿದ ಲಿನಕ್ಸ್‌ನಲ್ಲಿ ಈ ತೊಂದರೆಗೆ ಒಂದು ಇತಿಹಾಸವಿದೆ. ಯಾರನ್ನು ವಿಳಾಸ ಕೇಳಬೇಕೆಂಬುದು ಅಲ್ಲಿ ‘ರಿಸಾಲ್ವ್.ಕಾನ್ಫ್’ ಎಂಬ ಪುಟ್ಟ ಕಡತದಲ್ಲಿರುತ್ತದೆ. ಅದರಲ್ಲಿ ಹಲವು ತಂತ್ರಾಂಶಗಳು ಕೈಯಾಡಿಸುವುದರಿಂದ ಕೊನೆಗೆ ಬರೆದವನದೇ ಮಾತು ನಡೆಯುತ್ತದೆ. 2001ರಲ್ಲಿ ಬಂದ ಓಪನ್‌ವಿಪಿಎನ್ ಹೊಸ ವಿಳಾಸಗಾರನ ಸಂಖ್ಯೆ ಕಳುಹಿಸಿದರೂ, ಲಿನಕ್ಸ್‌ನಲ್ಲಿ ಬಹುಕಾಲ ಅದು ತಾನಾಗಿ ಜಾರಿಗೆ ಬರುತ್ತಿರಲಿಲ್ಲ. ಬೇರೊಂದು ಸ್ಕ್ರಿಪ್ಟ್ ಜೋಡಿಸಬೇಕಿತ್ತು. ಹಾಗೆ ಮಾಡದವರ ಪ್ರಶ್ನೆಗಳು ಹಳೆಯ ದಾರಿಯನ್ನೇ ಹಿಡಿಯುತ್ತಿದ್ದವು.

ಪರೀಕ್ಷೆ ಕಷ್ಟವೇನಲ್ಲ. ವಿಪಿಎನ್ ಚಾಲೂ ಮಾಡಿ ಆ ಕಡತವನ್ನು ತೆರೆದು ನೋಡಬೇಕು. 127.0.0.53 ಎಂಬ ಸಂಖ್ಯೆ ಕಂಡರೆ ಅಷ್ಟಕ್ಕೇ ನೆಮ್ಮದಿ ಪಡುವಂತಿಲ್ಲ. ಅದು ಯಂತ್ರದೊಳಗಿನ ಮಧ್ಯಸ್ಥನ ವಿಳಾಸವಷ್ಟೇ. ಆ ಮಧ್ಯಸ್ಥ ಯಾರನ್ನು ಕೇಳುತ್ತಾನೆಂಬುದನ್ನು ‘ರಿಸಾಲ್ವ್‌ಸಿಟಿಎಲ್ ಸ್ಟೇಟಸ್’ ಎಂಬ ಆದೇಶ ತೋರಿಸುತ್ತದೆ. ಇನ್ನೂ ಗಟ್ಟಿ ಸಾಕ್ಷಿ ಬೇಕಾದರೆ ‘ಟಿಸಿಪಿಡಂಪ್’ ಇದೆ. ವಿಪಿಎನ್‌ನ ಸುರಂಗವನ್ನಲ್ಲ, ಮನೆಯ ವೈಫೈ ಅಥವಾ ತಂತಿಯ ದಾರಿಯನ್ನೇ ಅದಕ್ಕೆ ತೋರಿಸಿ, 53ನೆಯ ಪೋರ್ಟ್ ಕಾಯಲು ಹೇಳಬೇಕು. ಬಳಿಕ ಒಂದೆರಡು ತಾಣಗಳನ್ನು ತೆರೆದಾಗ ಅವುಗಳ ಹೆಸರು ಅಲ್ಲಿ ಕಂಡರೆ ಸೋರಿಕೆ ಖಚಿತ. ಏನೂ ಕಾಣದಿದ್ದರೆ ತೆರೆದ ಪ್ರಶ್ನೆಗಳು ಆ ದಾರಿಯಲ್ಲಿ ಹೋಗುತ್ತಿಲ್ಲ ಎಂದಷ್ಟೇ ಅರ್ಥ. 2016ರಿಂದೀಚೆಗೆ ಗೂಢಲಿಪಿಯಲ್ಲಿ ಹೆಸರು ಕೇಳುವ ವಿಧಾನಗಳೂ ಬಂದಿದ್ದು, ಅವು ಬೇರೆ ಪೋರ್ಟ್ ಬಳಸುತ್ತವೆ.

ಸೋರಿಕೆ ನಿಂತಿತೆಂದೇ ಇಟ್ಟುಕೊಳ್ಳೋಣ. ಆಗಲೂ ನಮ್ಮ ಪ್ರಶ್ನೆಗಳು ವಿಪಿಎನ್ ನಡೆಸುವವನ ಕೈಸೇರುತ್ತವೆ. ಇಂಥವರು ಗ್ರಾಹಕರ ಹೆಸರು, ವಿಳಾಸ ಮೊದಲಾದ ವಿವರಗಳನ್ನು 5 ವರ್ಷ ಇಟ್ಟುಕೊಳ್ಳಬೇಕೆಂದು ಭಾರತ ಸರ್ಕಾರದ ಸರ್ಟ್–ಇನ್ 2022ರ ಏಪ್ರಿಲ್‌ನಲ್ಲಿ ಆದೇಶಿಸಿತು. ಕೆಲವು ವಿದೇಶಿ ಕಂಪನಿಗಳು ಆಗ ತಮ್ಮ ಸರ್ವರುಗಳನ್ನು ಇಲ್ಲಿಂದ ತೆಗೆದವು. ಗುಟ್ಟನ್ನು ಯಾರೊಬ್ಬರಿಗೂ ಹೇಳದೆ ಅರಸನಿಗೆ ಮಂತ್ರಾಲೋಚನೆ ನಡೆಸಲಾಗುತ್ತಿರಲಿಲ್ಲ. ಮಂತ್ರಿ ಯಾರಾಗಬೇಕೆಂಬ ಆ ಹಳೆಯ ಪ್ರಶ್ನೆ ಈಗ ನಮ್ಮ ಮುಂದೆಯೂ ಬಂದು ನಿಂತಿದೆ.