ಸೇತುವೆಗೂ ಒಂದು ತಾಮ್ರಪಟ

ನಮ್ಮ ಹಲಸಿಯ ಚಕ್ರತೀರ್ಥದ ಬಳಿ ಸಿಕ್ಕ ಕದಂಬರ ತಾಮ್ರಪಟಗಳನ್ನು ಓದುವುದು ನನ್ನ ಪಿಎಚ್.ಡಿ. ಕೆಲಸ. ಕಾಕುಸ್ಥವರ್ಮ ಖೇಟ ಗ್ರಾಮದಲ್ಲಿ ಸೇನಾಪತಿ ಶ್ರುತಕೀರ್ತಿಗೆ ಹೊಲ ಕೊಟ್ಟದ್ದು ಒಂದು ಪಟದಲ್ಲಿದೆ. ಆ ಗ್ರಾಮ ಮುಂದೆ ಯಾರ ಕೈಸೇರಿತೆಂಬುದು ಅವನ ಮರಿಮಗ ರವಿವರ್ಮನ ಪಟದಲ್ಲಿದೆ. ಎರಡನ್ನೂ ಅಕ್ಕಪಕ್ಕ ಇಟ್ಟಾಗಲೇ ನಡುವೆ ಏನಾಯಿತೆಂದು ತಿಳಿಯುವುದು.

2024ರ ಆಗಸ್ಟ್ 7ರ ನಡುರಾತ್ರಿ ಕಾರವಾರದಲ್ಲಿ ಕಾಳಿ ನದಿಯ ಹಳೆಯ ಸೇತುವೆ ಕುಸಿಯಿತು. ಗೋವಾ ಹೆದ್ದಾರಿಯ ಆ ಸೇತುವೆಗೆ ಬರೀ 41 ವರ್ಷ. ಲಾರಿಯೊಂದು ನದಿಗೆ ಬಿತ್ತು, ಚಾಲಕ ಬದುಕುಳಿದ. ಕಟ್ಟಿದಾಗ ಹೇಗಿತ್ತು, ಬೀಳುವ ಮುನ್ನ ಹೇಗಿತ್ತು? ಈ ಪ್ರಶ್ನೆಗೂ ಎರಡು ದಾಖಲೆ ಬೇಕು.

ಲೇಸರ್ ಸ್ಕ್ಯಾನರ್ ಬೆಳಕು ಹಾಯಿಸಿ, ಅದು ಮರಳುವುದರಿಂದ ದೂರ ಅಳೆದು, ಕೋಟ್ಯಂತರ ಬಿಂದುಗಳಲ್ಲಿ ಸೇತುವೆಯ ಆಕಾರ ಬರೆದಿಡುತ್ತದೆ. ವಿಆರ್ ಕನ್ನಡಕ ತೊಟ್ಟ ಎಂಜಿನಿಯರ್ ಬೆಳಗಾವಿಯಲ್ಲಿ ಕೂತೇ ಕಾರವಾರದ ಸೇತುವೆಯ ಅಡಿಯಲ್ಲಿ ಓಡಾಡಬಹುದು. ಆದರೆ ಕಾಂಕ್ರೀಟಿನೊಳಗಿನ ತುಕ್ಕಾಗಲಿ, ಕಂಬದ ಬುಡದಲ್ಲಿ ಹೊಳೆ ಕೊರೆದ ಗುಂಡಿಯಾಗಲಿ ಆ ಬೆಳಕಿಗೆ ಕಾಣದು. ಅದಕ್ಕೆ ಸುತ್ತಿಗೆ ಹಿಡಿದು ಬಡಿದು ನೋಡುವವರು, ಮುಳುಗು ತಜ್ಞರೇ ಬೇಕು.

ಮತ್ತೆ ಸ್ಕ್ಯಾನಿನ ಲಾಭವೇನು? ಒಂದೇ ಇದ್ದರೆ ಅದು ಬರೀ ಚಿತ್ರ. ಐದು ವರ್ಷದ ಮೇಲೆ ಇನ್ನೊಂದನ್ನು ಮಾಡಿ ಹೋಲಿಸಿದರೆ ಎಲ್ಲಿ ಬಾಗಿದೆ, ಎಲ್ಲಿ ವಾಲಿದೆ ಎಂದು ಗೊತ್ತಾಗುತ್ತದೆ. ಹಂಪಿಯ ಗುಡಿಗಳನ್ನು ಹೀಗೆ ದಾಖಲಿಸಿದ್ದಾರೆ. ದಿನವೂ ಬಸ್ಸು ದಾಟುವ ಸೇತುವೆಗಳಿಗೂ ಸಂಚಾರ ಶುರುವಾದ ದಿನವೇ ಮೊದಲ ಪಟ ಬರೆಸಬೇಕು. ಶ್ರುತಕೀರ್ತಿಯ ಹೊಲಕ್ಕೆ ಆ ಭಾಗ್ಯವಿತ್ತು.