ಕೀಟಸಂಹಾರಿ ಜಂತುಹುಳುಗಳು: ಬಳಕೆಯ ಇತಿಹಾಸ

ಮಣ್ಣಿನಲ್ಲಿ ವಾಸಿಸುತ್ತ, ಕೀಟಗಳ ಶರೀರವನ್ನು ಪ್ರವೇಶಿಸಿ ಅವುಗಳನ್ನು ಕೊಲ್ಲುವ ಸ್ಟೈನರ್ನಿಮಾ ಮತ್ತು ಹೆಟೆರೊರಾಬ್ಡೈಟಿಸ್ ಕುಲಗಳ ಜಂತುಹುಳುಗಳನ್ನು ಬೆಳೆಯ ರಕ್ಷಣೆಗೆ ನಿಯೋಜಿಸುವ ಪದ್ಧತಿ. ಬೇರುಗಂಟು ರೋಗವನ್ನು ತರುವ ಜಂತುಹುಳುಗಳೊಡನೆ ಇವನ್ನು ಬೆರೆಸಿ ಹೇಳುವುದುಂಟು. ಇವಾದರೋ ಬೇರಿನ ಗೊಡವೆಗೇ ಹೋಗವು. ಸುಮಾರು ಅರ್ಧ ಮಿಲಿಮೀಟರ್ ಉದ್ದದ ಮರಿಯು ಕೀಟದ ಬಾಯಿ, ಗುದ ಅಥವಾ ಉಸಿರುರಂಧ್ರದ ಮೂಲಕ ಒಳಸೇರಿ, ತನ್ನ ಕರುಳಿನಲ್ಲಿ ಹೊತ್ತು ತಂದ ಸಹಜೀವಿ ಬ್ಯಾಕ್ಟೀರಿಯಾವನ್ನು ಬಿಡಲು, ಕೀಟವು ಬಹುಮಟ್ಟಿಗೆ ಎರಡು ದಿನಗಳೊಳಗಾಗಿ ಸಾಯುತ್ತದೆ.

1929ರಲ್ಲಿ ಗ್ಲೇಸರ್ ಎಂಬ ವಿಜ್ಞಾನಿ ಅಮೆರಿಕದ ನ್ಯೂಜೆರ್ಸಿಯಲ್ಲಿ ಜಪಾನಿ ದುಂಬಿಯ ಮರಿಗಳಲ್ಲಿ ಇಂಥ ಹುಳುವನ್ನು ಕಂಡು, ಕೃತಕವಾಗಿ ಬೆಳೆಸಿ ಹೊಲಗಳಿಗೆ ಬಿಟ್ಟನು. ಅಗ್ಗದ ರಾಸಾಯನಿಕಗಳ ಭರದಲ್ಲಿ ಆ ಉದ್ಯಮ ಮರೆಯಾಯಿತು.

ಭಾರತದಲ್ಲಿ ಇವುಗಳ ಬಳಕೆಯ ಆರಂಭವನ್ನು ಕುರಿತು ಆಕರಗಳಲ್ಲಿ ಒಮ್ಮತವಿಲ್ಲ. ಬೆಂಗಳೂರಿನಲ್ಲಿದ್ದ ಕಾಮನ್‌ವೆಲ್ತ್ ಜೈವಿಕ ನಿಯಂತ್ರಣ ಸಂಸ್ಥೆಯ ಕೇಂದ್ರದ ವಿ. ಪಿ. ರಾವ್ ಮತ್ತು ಟಿ. ಎಂ. ಮಂಜುನಾಥ್ 1966ರಲ್ಲಿ ಪ್ರಕಟಿಸಿದ, ಡಿಡಿ-136 ಎಂಬ ವಿದೇಶೀ ತಳಿಯ ಪರೀಕ್ಷೆಗಳನ್ನೇ ಮೊದಲೆಂದು ಎಣಿಸುವವರು ಹಲವರು. ಪ್ರಯೋಗಶಾಲೆಯ ಇತಿಹಾಸಕ್ಕೆ ಅದು ಸರಿಯೇ; ಆದರೆ ನಮ್ಮ ಬಿಸಿಲಿಗೂ ಮಣ್ಣಿಗೂ ಒಗ್ಗಿದ ದೇಶೀಯ ಜಾತಿಯು ಕೈಗೆ ಬಂದುದನ್ನೇ ತಿರುವೆಂದು ಬಗೆದರೆ, ಕೊಯಮತ್ತೂರಿನ ಕಬ್ಬಿನ ಪರಿಸರದಲ್ಲಿ ದೊರೆತ ಹೆಟೆರೊರಾಬ್ಡೈಟಿಸ್ ಇಂಡಿಕಾವನ್ನು ಪೊಯಿನಾರ್, ಕರುಣಾಕರ್ ಮತ್ತು ಡೇವಿಡ್ ವರ್ಣಿಸಿದ 1992ನೆಯ ವರ್ಷವೇ ಮುಖ್ಯವೆನಿಸುವುದು. ತರುವಾಯ ಬೆಂಗಳೂರಿನ ಜೈವಿಕ ನಿಯಂತ್ರಣ ಯೋಜನಾ ನಿರ್ದೇಶನಾಲಯವು (2014ರಿಂದ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಬ್ಯೂರೊ) ಇದೇ ಜಾತಿಯನ್ನು ನೀರಿನಲ್ಲಿ ಕದಡಿ ಬಳಸುವ ಪುಡಿಯ ರೂಪಕ್ಕೆ ತಂದು, ತಯಾರಿಕೆಯ ಪರವಾನಗಿಯನ್ನು ಕಂಪನಿಗಳಿಗೆ ನೀಡಿತು.

ಬೆಳಗಾವಿ ಜಿಲ್ಲೆಯ ಗೋಕಾಕ, ಅದರಿಂದ ಬೇರ್ಪಟ್ಟ ಮೂಡಲಗಿ, ಹಾಗೂ ಸಂಕೇಶ್ವರದ ಕೃಷಿ ಸಂಶೋಧನ ಕೇಂದ್ರವಿರುವ ಹುಕ್ಕೇರಿ, ಈ ಮೂರು ತಾಲೂಕುಗಳ ಕಬ್ಬಿನ ಸೀಮೆಯಲ್ಲಿ ಈ ವಿಷಯಕ್ಕೆ ಬೆಲೆ ಬರುವುದು ಗೊಣ್ಣೆಹುಳುವಿನಿಂದ. ಮುಂಗಾರಿನ ಮೊದಲ ಮಳೆಗೆ ನೆಲದಿಂದೆದ್ದು ಬೇವು, ಜಾಲಿಗಳ ಎಲೆ ಮೇಯುವ ದುಂಬಿಯ ಸಂತಾನವೇ ಕಬ್ಬಿನ ಬೇರನ್ನು ತಿಂದು ಪೈರನ್ನು ಒಣಗಿಸುವುದು. ಇದಕ್ಕೆ ಬಳಸುತ್ತಿದ್ದ ಬಿ.ಎಚ್.ಸಿ. ಪುಡಿ 1997ರಲ್ಲಿಯೂ ಫೋರೇಟ್ ಹರಳು 2020ರ ಕೊನೆಗೂ ನಿಷೇಧಕ್ಕೊಳಗಾದುದರಿಂದ ಜೈವಿಕೋಪಾಯಗಳತ್ತ ನೋಟ ಹರಿಯುವುದು ಸಹಜ.

ಆದಾಗ್ಯೂ ಗೊಣ್ಣೆಹುಳುವಿನ ಮೇಲೆ ಇವು ಎಷ್ಟು ಫಲಕಾರಿ ಎಂಬ ವಿವಾದ ಉಳಿದೇ ಇದೆ. ಪ್ರಯೋಗಶಾಲೆಯಲ್ಲಿ ಈ ಜಂತುಹುಳುಗಳನ್ನು ಸಾಕುವುದು ಜೇನಿನ ಮೇಣದ ಪತಂಗದ ಮರಿಗಳ ಮೇಲೆ. ಅವು ಬಹುಬೇಗ ಸಾಯುವ ಬಡಪಾಯಿಗಳು. ಗೊಣ್ಣೆಹುಳುವಾದರೋ ಯುಗಯುಗಗಳಿಂದ ಇದೇ ಶತ್ರುವಿನೊಡನೆ ಮಣ್ಣಿನಲ್ಲಿ ಬಾಳಿದುದು. ಅದರ ಉಸಿರುರಂಧ್ರಗಳಿಗೆ ಜರಡಿಯಂಥ ಮುಚ್ಚಳವಿದೆ, ಮೈಗೆ ಹತ್ತಿದ ಮರಿಗಳನ್ನು ಅದು ಉಜ್ಜಿ ಕೆಡವಬಲ್ಲದು. ಆದ್ದರಿಂದ ಮೇಣದ ಪತಂಗದ ಮೇಲಿನ ಫಲವನ್ನು ಕಬ್ಬಿನ ಗದ್ದೆಗೆ ಹಾಗೆಯೇ ಅನ್ವಯಿಸುವ ಬರಹಗಳನ್ನು ಎಚ್ಚರದಿಂದ ಓದಬೇಕು. ಹೆಕ್ಟೇರಿಗೆ 250 ಕೋಟಿ ಮರಿಗಳು ಎಂಬ ರೂಢಿಯ ಪ್ರಮಾಣವೂ ತೇವವಿರುವ ಮಣ್ಣಿಗೆ, ಬಿಸಿಲಿಳಿದ ಸಂಜೆಗೆ, ಗೊಣ್ಣೆ ಇನ್ನೂ ಎಳೆಯದಾಗಿರುವ ಹೊತ್ತಿಗೆ ಮಾತ್ರ ಹೇಳಿದುದು.