ಆಕ್ಸ್‌ಫರ್ಡಿನ ವ್ಯಾಸಂಗವೂ ಗೋಕಾಕರ ಅಧ್ಯಾಪಕ ಜೀವನವೂ

ಪರದೇಶದಲ್ಲಿ ಉಚ್ಚ ವ್ಯಾಸಂಗ ಮಾಡಿ ಬಂದ ಅಧ್ಯಾಪಕನಿಗೆ ಅಲ್ಲಿಂದ ದೊರೆಯುವುದು ಪದವಿಯೇ, ದೃಷ್ಟಿಯೇ? ನಾಡಿನ ಹೊರಗೆ ನೆಲಸಿ, ಪರಭಾಷೆಯಲ್ಲಿ ದುಡಿದು, ಮನೆಯಲ್ಲಿ ಕನ್ನಡವನ್ನು ಉಳಿಸಿಕೊಳ್ಳಲೆಳಸುವ ನಮ್ಮಂಥವರಿಗೆ ಈ ಪ್ರಶ್ನೆ ಕೇವಲ ಚರಿತ್ರೆಗೆ ಸೇರಿದುದಲ್ಲ. ವಿನಾಯಕ ಕೃಷ್ಣ ಗೋಕಾಕರ (1909-1992) ಜೀವನವು ಇದಕ್ಕೆ ಒಂದು ಉತ್ತರವನ್ನು ಸೂಚಿಸುತ್ತದೆ.

ಸವಣೂರಿನಲ್ಲಿ ಜನಿಸಿ ಧಾರವಾಡದಲ್ಲಿ ಓದಿದ ಗೋಕಾಕರು 1931ರಲ್ಲಿ ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ ಇಂಗ್ಲಿಷ್ ಅಧ್ಯಾಪಕರಾದರು. ಅದಾಗಲೇ ಮುಂಬಯಿ ವಿಶ್ವವಿದ್ಯಾಲಯದ ಎಂ.ಎ. ಪದವಿ ಪಡೆದಿದ್ದ ಅವರು 1936ರಲ್ಲಿ ಆಕ್ಸ್‌ಫರ್ಡಿಗೆ ತೆರಳಿ, ಇಂಗ್ಲಿಷ್ ಸಾಹಿತ್ಯದಲ್ಲಿ ಪ್ರಥಮ ವರ್ಗದಲ್ಲಿ ಉತ್ತೀರ್ಣರಾಗಿ 1938ರಲ್ಲಿ ಮರಳಿದರು. ಲೌಕಿಕ ಫಲ ತಡವಾಗಲಿಲ್ಲ. ಮೂವತ್ತು ತುಂಬುವ ಮೊದಲೇ ಸಾಂಗ್ಲಿಯ ವಿಲಿಂಗ್ಡನ್ ಕಾಲೇಜಿನ ಪ್ರಾಚಾರ್ಯರಾದರು. ಮುಂದೆ ಕೊಲ್ಹಾಪುರ, ಧಾರವಾಡ. 1959ರಿಂದ ಹೈದರಾಬಾದಿನ ಕೇಂದ್ರೀಯ ಇಂಗ್ಲಿಷ್ ಸಂಸ್ಥೆಯ ನಿರ್ದೇಶಕತ್ವ. ಆ ಬಳಿಕ ಬೆಂಗಳೂರು ವಿಶ್ವವಿದ್ಯಾಲಯದ ಉಪಕುಲಪತಿ ಸ್ಥಾನ. ಇದು ಪದವಿಯ ಫಲ.

ದೃಷ್ಟಿಯ ಫಲ ಬೇರೆ. ಆಕ್ಸ್‌ಫರ್ಡಿನಲ್ಲಿ ಗ್ರೀಕ್, ಲ್ಯಾಟಿನ್‌ಗಳ ಪಕ್ಕದಲ್ಲಿ ಇಂಗ್ಲಿಷ್ ಸಾಹಿತ್ಯಕ್ಕೆ ಸ್ವತಂತ್ರ ವ್ಯಾಸಂಗದ ಪೀಠ ದೊರೆತುದೇ ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕದಲ್ಲಿ. ದೇಶಭಾಷೆಯೊಂದು ತನ್ನ ನೆಲದಲ್ಲಿಯೇ ಮನ್ನಣೆಗಾಗಿ ಕಾಯಬೇಕಾಗಿದ್ದಿತೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷ್ಯ ಬೇಕೆ? ಅಂಥಲ್ಲಿ ಇಂಗ್ಲಿಷನ್ನು ಕಲಿತ ಗೋಕಾಕರು ಕವಿತೆಯನ್ನು ಬರೆದುದು ಕನ್ನಡದಲ್ಲಿ. ಕಡಲಯಾನದ ಅನುಭವ ‘ಸಮುದ್ರ ಗೀತೆಗಳು’ ಆಯಿತು.

ಆದರೆ ಎಲ್ಲವನ್ನೂ ಆಕ್ಸ್‌ಫರ್ಡಿನ ಖಾತೆಗೆ ಬರೆಯುವುದು ಸಮಂಜಸವೆನಿಸದು. ಬೇಂದ್ರೆಯವರ ಸಾಹಚರ್ಯ, ಧಾರವಾಡದ ಗೆಳೆಯರ ಗುಂಪು, ಇವು ಬೀಜವನ್ನು ಮೊದಲೇ ಬಿತ್ತಿದ್ದವು. ಪರದೇಶದ ವ್ಯಾಸಂಗ ಅದಕ್ಕೆ ಮಳೆಯಾಯಿತೇ ಹೊರತು ಬೀಜವಾಗಲಿಲ್ಲ.

ಬಾಳೆಲ್ಲ ಇಂಗ್ಲಿಷ್ ಕಲಿಸಿದ ಇವರೇ 1981ರ ವರದಿಯಲ್ಲಿ ಕರ್ನಾಟಕದ ಪ್ರೌಢಶಾಲೆಗಳಲ್ಲಿ ಕನ್ನಡವೊಂದೇ ಪ್ರಥಮ ಭಾಷೆಯಾಗಬೇಕೆಂದು ಶಿಫಾರಸು ಮಾಡಿದರು. ನಾಡಿನಲ್ಲಿ ದೊಡ್ಡ ಚಳವಳಿ ನಡೆಯಿತು. ಅನ್ಯಭಾಷಿಕರ ಆಕ್ಷೇಪ ನ್ಯಾಯಾಲಯದ ಮೆಟ್ಟಿಲೇರಿತು. ಪರಪ್ರಾಂತದಲ್ಲಿ ಅಲ್ಪಸಂಖ್ಯಾತರಾದ ನಾವು ಆ ಆಕ್ಷೇಪವನ್ನು ಲಘುವಾಗಿ ಕಾಣುವಂತಿಲ್ಲ. ಇಲ್ಲಿ ನಮ್ಮ ಮಕ್ಕಳಿಗೆ ನಾವು ಬೇಡುವುದನ್ನು ಅಲ್ಲಿ ಇತರರ ಮಕ್ಕಳಿಗೆ ಅಲ್ಲಗಳೆಯಲಾದೀತೆ? ಆದರೂ ವರದಿಯ ಮೂಲ ತತ್ತ್ವ, ಅಂದರೆ ನೆಲದ ಭಾಷೆಗೆ ವಿದ್ಯೆಯಲ್ಲಿ ಮೊದಲ ಮಣೆ ಸಲ್ಲಬೇಕೆಂಬುದು, ಪರಭಾಷೆಯನ್ನು ಬಲ್ಲವರ ಬಾಯಿಂದ ಬಂದಾಗ ಅದಕ್ಕೆ ಹೆಚ್ಚಿನ ತೂಕ.

ಗೋಕಾಕರು ಕೊನೆಯುಸಿರೆಳೆದುದು ಮುಂಬಯಿಯಲ್ಲಿ. ಹೊರಗೆ ಹೋಗಿ ಕಲಿತುದನ್ನು ಒಳಗಿನದಕ್ಕೆ ಸಲ್ಲಿಸಿದವರ ಈ ನಿದರ್ಶನ, ಹೊರಗೇ ಉಳಿದ ನಮಗೆ ಹೆಚ್ಚು ಸಲ್ಲುತ್ತದೆ.